ಉಲ್ಕೆ ಕ್ಷಮಿಸಲಿಲ್ಲ

ಉಲ್ಕೆಗೆ ಇಪ್ಪತ್ತಾರು ವರ್ಷ. ಅವಳು ಗೋಪುರದಿಂದ ಗೋಪುರಕ್ಕೆ ಹಾರುತ್ತಾಳೆ, ಬರಿಗೈಯಲ್ಲಿ ರೈಲು ನಿಲ್ಲಿಸುತ್ತಾಳೆ. ಅವಳ ಬಾಯಿಂದ ಹೊರಡುವ ದನಿಗೆ ಮಾತ್ರ ನಲವತ್ತೇಳು ವರ್ಷ, ಮಂಡಿನೋವು, ತಣ್ಣೀರು ಕುಡಿದರೆ ಕಟ್ಟಿಕೊಳ್ಳುವ ಗಂಟಲು. ಹೊರದೇಶದಲ್ಲಿ ತಯಾರಾಗಿ ವಾರಕ್ಕೊಂದು ಕಂತಿನಂತೆ ನಮ್ಮ ಭಾಷೆಗೆ ಇಳಿಯುತ್ತಿದ್ದ ಆ ಧಾರಾವಾಹಿಯ ನಾಯಕಿಗೆ ಐದು ವರ್ಷಗಳಿಂದ ದನಿ ಕೊಡುತ್ತಿದ್ದವಳನ್ನು ಬೀದಿಯವರು ಉಲ್ಕಕ್ಕ ಎಂದೇ ಕರೆಯುತ್ತಿದ್ದರು. ಸ್ವಂತ ಹೆಸರು ಗ್ಯಾಸ್ ಸಿಲಿಂಡರಿನ ರಸೀದಿಯಲ್ಲಷ್ಟೇ ಉಳಿದಿತ್ತು.

ಹೆಸರಿನ ಜೊತೆಗೆ ಬೈಗುಳವೂ ಬಂತು. ಮೊದಲೆರಡು ವರ್ಷ ಉಲ್ಕೆ ಜಾಣೆಯಾಗಿದ್ದಳು. ಕೈಗಿಂತ ಮೊದಲು ತಲೆ ಓಡಿಸುತ್ತಿದ್ದಳು. ಮೂರನೆಯ ವರ್ಷ ಬರಹಗಾರರೇ ಬದಲಾದರೋ, ಅವರ ಮನೆಯಲ್ಲಿ ಏನಾದರೂ ಆಯಿತೋ, ಅವಳು ಪ್ರತಿ ಕಂತಿನಲ್ಲೂ ಅಳತೊಡಗಿದಳು. ಅರ್ಧ ನಗರವನ್ನು ಸುಟ್ಟ ತಮ್ಮನನ್ನು ನಂಬಿ, ಮೋಸಹೋಗಿ, ಮತ್ತೆ ನಂಬಿದಳು. ಈ ಸಿಟ್ಟನ್ನು ತೀರಿಸಿಕೊಳ್ಳಲು ಜನರ ಕೈಗೆ ಬರಹಗಾರರು ಸಿಗುವಂತಿರಲಿಲ್ಲ, ಉಲ್ಕಕ್ಕ ಸಿಗುತ್ತಿದ್ದಳು. ತರಕಾರಿಯವಳು ತಕ್ಕಡಿ ಹಿಡಿದೇ ವಿಚಾರಣೆ ನಡೆಸುತ್ತಿದ್ದಳು.

"ಅಲ್ಲಕ್ಕಾ, ಅಷ್ಟೊಂದು ಶಕ್ತಿ ಇಟ್ಕೊಂಡು ಆ ಕಳ್ಳನಿಗೆ ಯಾಕೆ ಬಾಗಿಲು ತೆಗೆದೆ?"

"ನಾನೆಲ್ಲಿ ತೆಗೆದೆ ತಾಯಿ? ನಾನು ಬರೀ 'ಒಳಗೆ ಬಾ' ಅಂದೆ."

"ಅದೇ, ಯಾಕಂದೆ ಅಂತ ಕೇಳ್ತಿರೋದು!"

ಇದು ಕೆಳಗಿನ ಕೋರ್ಟು. ಮೇಲಿನ ಕೋರ್ಟು ಮನೆಯಲ್ಲಿತ್ತು. ಅವಳ ಅತ್ತೆ ಮೂವತ್ತು ವರ್ಷ ಹೆರಿಗೆ ವಾರ್ಡಿನಲ್ಲಿ ನರ್ಸಾಗಿದ್ದವರು. ಆ ರೂಢಿಯಲ್ಲಿ ಉಲ್ಕೆಗೂ ಒಂದು ನೋಟ್‌ಬುಕ್ ಇಟ್ಟು, ಯಾವ ಕಂತು, ಎಷ್ಟು ಸಲ ಅತ್ತಳು, ಎಷ್ಟು ಸಲ ಬುದ್ಧಿ ಉಪಯೋಗಿಸಿದಳು ಎಂದು ಗೆರೆ ಹಾಕಿ ಬರೆಯುತ್ತಿದ್ದರು. ಕೊನೆಯ ಕಾಲಂ ಎರಡು ವರ್ಷಗಳಿಂದ ಖಾಲಿ ಬಿದ್ದಿತ್ತು.

"ಮನೇಲಿ ನನ್ನ ಒಂದು ಮಾತಿಗೆ ಎರಡು ಉತ್ತರ ಕೊಡ್ತೀಯ. ಅಲ್ಲಿ ಆ ತಮ್ಮನ ಮುಂದೆ ಬಾಲ ಮುದುರ್ಕೊಂಡು ಕೂತಿದೀಯಲ್ಲ?"

"ಅಲ್ಲಿ ಬರೆದುಕೊಟ್ಟಿದ್ದನ್ನೇ ಹೇಳ್ಬೇಕು ಅತ್ತೆ."

"ಹಾಗಾದ್ರೆ ಇಲ್ಲೂ ಬರೆದುಕೊಡ್ಲಾ?"

ಉಲ್ಕಕ್ಕ ನಗುತ್ತಿದ್ದಳು, ಆದರೆ ಉಲ್ಕೆಯ ಅಧಃಪತನ ಅವರಿಬ್ಬರಿಗಿಂತ ಹೆಚ್ಚು ಚುಚ್ಚುತ್ತಿದ್ದುದು ಅವಳಿಗೇ. ಅವರು ವಾರಕ್ಕೊಮ್ಮೆ ನೋಡುತ್ತಿದ್ದ ಪೆದ್ದುತನವನ್ನು ಅವಳು ಹತ್ತಾರು ಸಲ ಉಚ್ಚರಿಸಬೇಕಿತ್ತು. ಹಾಗೆಂದು ಬಿಟ್ಟುಬರುವಂತೆಯೂ ಇರಲಿಲ್ಲ. ಪಾತ್ರಕ್ಕೆ ಎಳೆಯ ದನಿ ಬೇಕೆಂದು ಧಾರಾವಾಹಿ ಕೊಂಡು ತಂದ ಕಂಪನಿ ಆಗಲೇ ಎರಡು ಬಾರಿ ಗೊಣಗಿತ್ತು. ಉಲ್ಕೆ ಕೈಬಿಟ್ಟರೆ ಅವಳಿಗೆ ಉಳಿಯುತ್ತಿದ್ದುದು ಕೆಮ್ಮುವ ಅಜ್ಜಿಯರು ಮತ್ತು ಜಾಹೀರಾತಿನಲ್ಲಿ ಸೋಪಿನ ಪುಡಿಯನ್ನು ಕಂಡು ಬೆರಗಾಗುವ ಪಕ್ಕದ ಮನೆಯ ಆಂಟಿ.

ಟೈರ್ ಅಂಗಡಿಯ ಮೇಲಿನ ಮೂರನೆಯ ಮಹಡಿಯಲ್ಲಿ ಸ್ಟುಡಿಯೋ. ಅಲ್ಲಿ ಅರ್ಥಕ್ಕಿಂತ ತುಟಿ ದೊಡ್ಡದು. ಪರದೆಯ ಮೇಲಿನ ಹುಡುಗಿ ಎಲ್ಲಿ ತುಟಿ ಕೂಡಿಸುತ್ತಾಳೋ ಅಲ್ಲಿ ನಮ್ಮ ಮಾತಿನಲ್ಲೂ ಪ, ಬ, ಮ ಅಕ್ಷರಗಳಲ್ಲಿ ಒಂದು ಬೀಳಬೇಕು. ಬಿದ್ದರೆ ಕೆಲಸ ಸರಿ. ಸೌಂಡ್ ಇಂಜಿನಿಯರ್ ಇಪ್ಪತ್ತು ವರ್ಷಗಳಿಂದ ತುಟಿಗಳನ್ನೇ ನೋಡುತ್ತ, ಕಿವಿಯಿಂದಲೇ ಅನ್ನ ಸಂಪಾದಿಸುತ್ತ, ಒಂದು ವಾಕ್ಯದ ಅರ್ಥವನ್ನೂ ತಲೆಗೆ ಹಚ್ಚಿಕೊಳ್ಳದ ನೆಮ್ಮದಿಯ ಮನುಷ್ಯ.

ಒಂದು ದಿನ, ಕಂತಿನ ಕೊನೆಯ ಹೊತ್ತಿಗೆ, ಉಲ್ಕೆಯ ತಮ್ಮ ಅಣೆಕಟ್ಟನ್ನು ಒಡೆದು ಬಂದು ಅವಳ ಮುಂದೆ ಮೊಣಕಾಲೂರಿದ್ದ. ಹಾಳೆಯಲ್ಲಿ ಉಲ್ಕೆಯ ಮಾತು ಹೀಗಿತ್ತು: "ನಿನ್ನನ್ನ ಕ್ಷಮಿಸಿದೆ, ತಮ್ಮ." ಡಬ್ಬಿಂಗ್ ನಿರ್ದೇಶಕರು ಫೋನ್ ಹಿಡಿದು ಹೊರಗೆ ಹೋಗಿದ್ದರು. ಮಾತು ಶುರುಮಾಡಬೇಕೆಂಬ ಬೀಪ್ ಕೇಳಿಸಿತು. ಉಲ್ಕಕ್ಕ ಹೇಳಿದಳು: "ನಿನ್ನನ್ನ ನಂಬಲಾರೆ, ತಮ್ಮ."

ಅಕ್ಷರ ನಾಲ್ಕಕ್ಕೆ ನಾಲ್ಕು; ತುಟಿ ಕೂಡುವ ಜಾಗವೂ ಅದೇ. "ಸಿಂಕ್ ಪಕ್ಕಾ" ಎಂದ ಇಂಜಿನಿಯರ್, ಮುಂದಿನ ದೃಶ್ಯ ಎಳೆದ.

ಮಂಗಳವಾರ ಸಂಜೆ ಅದು ಪ್ರಸಾರವಾದಾಗ ಅತ್ತೆ ಕುರ್ಚಿಯಿಂದ ಎದ್ದು ನಿಂತರು. ಮರುದಿನ ತರಕಾರಿಯವಳು ಒಂದು ಕಟ್ಟು ಸೊಪ್ಪು ಹೆಚ್ಚಿಗೆ ಕೊಟ್ಟಳು. ಉಲ್ಕಕ್ಕ ಆ ಒಂದು ವಾರ ಮಂಡಿನೋವನ್ನೂ ಮರೆತು ಮೆಟ್ಟಿಲು ಹತ್ತಿದಳು.

ಮುಂದಿನ ಕಂತಿನ ಹಾಳೆಗಳು ಕೈಗೆ ಬಂದಾಗ ಅವಳು ಒಂದೇ ಪುಟವನ್ನು ಎರಡು ಸಲ ಓದಿದಳು. ಕಥೆ ಒಂದೊಂದೇ ವಾರ ಬರುತ್ತಿದ್ದುದರಿಂದ ಮುಂದೇನೆಂಬುದು ಅವಳಿಗೂ ತಿಳಿದಿರಲಿಲ್ಲ. ಉಲ್ಕೆ ತಮ್ಮನಿಗೆ ತನ್ನ ಕೈಯಾರೆ ಟೀ ಬಗ್ಗಿಸಿ, ಆಯುಧಾಗಾರದ ಬೀಗದ ಕೈ ಒಪ್ಪಿಸುತ್ತಿದ್ದಳು. ನಿರ್ದೇಶಕರು ಎದುರಿಗೇ ಕೂತಿದ್ದರು. ಉಲ್ಕೆಯ ಮುಖ ಪರದೆಯ ತುಂಬ ಇತ್ತು, ಮಾತು ಬದಲಿಸುವಂತಿರಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿ ಬಂದಳು.

"ಹೋದ ವಾರ ನಂಬಲಾರೆ ಅಂದೋಳು ಈ ವಾರ ಬೀಗದ ಕೈ ಕೊಡ್ತಾಳಲ್ಲೇ!" ಅತ್ತೆ ಕನ್ನಡಕ ತೆಗೆದರು. "ಇಷ್ಟು ದಿನ ಪೆದ್ದಿ ಆಗಿದ್ಲು, ಈಗ ಹುಚ್ಚಿ. ಇದನ್ನ ಬರೆಯೋರು ಏನು ತಿಂದು ಬರೀತಾರೋ!"

"ಅನ್ನಾನೇ ಇರ್ಬೇಕು ಅತ್ತೆ" ಎಂದಳು ಉಲ್ಕಕ್ಕ, ಗೋಡೆ ನೋಡುತ್ತ.

ಪಾತ್ರವನ್ನು ಉಳಿಸಲು ಹೊರಟವಳು ಬರಹಗಾರರೂ ಮಾಡದಷ್ಟು ಹಾಳು ಮಾಡಿದ್ದಳು. ಅತ್ತೆ ಸುಮ್ಮನಿರಲಿಲ್ಲ. ಸೊಸೆಗೂ ಹೇಳದೆ ಕಂಪನಿಗೆ ನಾಲ್ಕು ಪುಟದ ಕಾಗದ ಬರೆದು, ಎರಡು ಕಂತುಗಳ ಮಾತನ್ನು ಎದುರುಬದುರು ಇಟ್ಟು, ರೋಗಿಯ ಸ್ಥಿತಿ ಗಂಭೀರವೆಂದು ತಿಳಿಸಿದರು. ಐದು ವರ್ಷಗಳಲ್ಲಿ ಮೊದಲ ಬಾರಿಗೆ ಕಂಪನಿಯವರು ಮೂಲವನ್ನೂ ಡಬ್ಬಿಂಗನ್ನೂ ಜೊತೆಗಿಟ್ಟು ಕೇಳಿದರು.

ನಿರ್ದೇಶಕರು ಆ ಕಾಗದವನ್ನು ಮೇಜಿನ ಮೇಲೆ ಹರಡಿದರು. "ಯಾರೋ ಪುಣ್ಯಾತ್ಗಿತ್ತಿ ಬರೆದಿದಾರೆ. ಗೊತ್ತಾ ನಿಮಗೆ?"

ವಾರ್ಡಿನ ಚಾರ್ಟಿಗೆ ಬರೆದಂಥ ಆ ದುಂಡನೆಯ ಅಕ್ಷರಗಳನ್ನು ಅವಳು ದಿನವೂ ದಿನಸಿ ಪಟ್ಟಿಯಲ್ಲಿ ನೋಡುತ್ತಿದ್ದಳು. "ಇಲ್ಲ ಸಾರ್."

"ಭಾನುವಾರ ಆ ಕ್ಷಮೆಯ ಕಂತಿನ ಮರುಪ್ರಸಾರ. ಅಷ್ಟರೊಳಗೆ ಆ ಮಾತನ್ನ ಬರೆದಿರೋ ಹಾಗೇ ಹೇಳಿ. ಒಪ್ಪಿದ್ರೆ ಮುಂದಿನ ವರ್ಷಾನೂ ನೀವೇ. ಇಲ್ಲಾಂದ್ರೆ ಹೊಸ ಹುಡುಗಿ. ನನ್ನ ಕೈಲಿ ಏನೂ ಇಲ್ಲಮ್ಮ."

ಉಲ್ಕಕ್ಕ ಮೈಕಿನ ಮುಂದೆ ನಿಂತಳು. ಮೊದಲ ಸಲ ಹೇಳಿದಾಗ ಅವರು ಒಪ್ಪಲಿಲ್ಲ. "ಹಲ್ಲು ಕಚ್ಚಿದ ಹಾಗಿದೆ. ಪ್ರೀತಿ ಬೇಕು, ಪ್ರೀತಿ."

ಉಲ್ಕಕ್ಕ ಕಣ್ಣು ಮುಚ್ಚಿದಳು. ಮದುವೆಯ ಹೊಸತರಲ್ಲಿ ಅವಳ ಕೈಜಾರಿ ಒಂದು ಗಾಜಿನ ಜಗ್ಗು ಒಡೆದಿತ್ತು. ಅತ್ತೆ ಅವಳ ಬೆನ್ನು ಸವರಿ, ಬೆಣ್ಣೆಯಂಥ ದನಿಯಲ್ಲಿ, ಪರವಾಗಿಲ್ಲ ಬಿಡಮ್ಮ ಎಂದಿದ್ದರು. ಇಪ್ಪತ್ತೆರಡು ವರ್ಷಗಳಾದರೂ ಆ ಜಗ್ಗಿನ ಸುದ್ದಿ ಮನೆಯಲ್ಲಿ ಮುಗಿದಿರಲಿಲ್ಲ. ಬೀಪಾಯಿತು. ಅದೇ ಬೆಣ್ಣೆಯಲ್ಲಿ ಅದ್ದಿ ಅವಳು ಹೇಳಿದಳು: "ನಿನ್ನನ್ನ ಕ್ಷಮಿಸಿದೆ, ತಮ್ಮ."

"ಆಹಾ, ಎಷ್ಟು ಮೃದು!" ಎಂದರು ನಿರ್ದೇಶಕರು. ಕಂಪನಿಯವರು ಪದಕ್ಕೆ ಪದ ತಾಳೆ ನೋಡಿ, ದೋಷವಿಲ್ಲವೆಂದು ಒಪ್ಪಿಗೆ ಕಳಿಸಿದರು.

ಭಾನುವಾರ ಮಧ್ಯಾಹ್ನ ಅತ್ತೆ ಆ ಮಾತು ಕೇಳಿ ನೋಟ್‌ಬುಕ್ ತೆಗೆದು ಕೊನೆಯ ಕಾಲಮ್ಮಿನಲ್ಲಿ ಒಂದು ಗೆರೆ ಎಳೆದರು.

"ನನ್ನ ಕಾಗದ ಕೆಲಸ ಮಾಡ್ತು ನೋಡು. ಹುಡುಗಿಗೆ ಬುದ್ಧಿ ಬಂತು. ಬಾಯಲ್ಲಿ ಕ್ಷಮಿಸಿದೆ ಅಂದ್ರೂ ಇವಳು ಆ ಹುಡುಗನನ್ನ ಜನ್ಮದಲ್ಲಿ ಸುಮ್ಮನೆ ಬಿಡೋಳಲ್ಲ. ಬೀಗದ ಕೈ ಕೊಟ್ಟಿದ್ದೂ ಅವನನ್ನ ಸಿಕ್ಕಿಸೋಕೇ." ಆಮೇಲೆ ಹುಬ್ಬು ಗಂಟಿಕ್ಕಿದರು. "ಈ ಬೆಣ್ಣೆಯಂಥ ದನೀನ ಎಲ್ಲೋ ಕೇಳಿದೀನಲ್ಲೇ."

"ಟೀವೀಲೇ ಇರ್ಬೇಕು ಅತ್ತೆ" ಎಂದಳು ಉಲ್ಕಕ್ಕ.