ಮಾಸ್ಟ್ರ ಎಡಗೈಯ ಬಳೆ

"ಎಬ್ಬಿಸಿದ ಕೂಡಲೇ ಸ್ಕ್ರೀನ್ ಪುನಃ ಕಪ್ಪಾಗ್ತದೆ, ಎಂತ ಮಾಡುವುದು?" ಕಾರ್ಕಳದ ನನ್ನ ರಿಪೇರಿ ಅಂಗಡಿಯಲ್ಲಿ ನಿವೃತ್ತ ಮಾಸ್ಟ್ರು ಮೂರನೆಯ ಸಲ ಲ್ಯಾಪ್‌ಟಾಪ್ ತೆರೆದಿಟ್ಟರು. ನನ್ನ ಕೈಯಲ್ಲಿ ಅದು ಸರಿಯಾಗಿಯೇ ಇತ್ತು. ಅವರು ಟೈಪ್ ಮಾಡಲು ಎಡಗೈ ಇಟ್ಟರು, ಸ್ಕ್ರೀನ್ ಆರಿತು. ಆಗ ಕಂಡಿತು, ಬಿ.ಪಿ.ಗೆಂದು ಹಾಕಿದ್ದ ಮ್ಯಾಗ್ನೆಟ್ ಬಳೆ. ಮುಚ್ಚಳ ಮುಚ್ಚಿದ್ದು ಲ್ಯಾಪ್‌ಟಾಪಿಗೆ ತಿಳಿಯುವುದೂ ಮುಚ್ಚಳದ ಎಡಬದಿಯ ಒಂದು ಮ್ಯಾಗ್ನೆಟ್‌ನಿಂದ. ಬಳೆ ಹತ್ತಿರ ಬಂದಾಗಲೆಲ್ಲ ಮುಚ್ಚಳ ಮುಚ್ಚಿತೆಂದುಕೊಂಡು ಅದು ಮಲಗಿಬಿಡುತ್ತಿತ್ತು.

"ನಾನೇ ತಂದು ಕೊಟ್ಟದ್ದು," ಎಂದು ಜೊತೆಗೆ ಬಂದಿದ್ದ ಅವರ ಹೆಂಡತಿ ಸಣ್ಣ ಮುಖ ಮಾಡಿಕೊಂಡು ಗಂಡನ ಕೈಯಿಂದ ಬಳೆ ಬಿಚ್ಚಿ ಪರ್ಸಿಗೆ ಹಾಕಿದರು.

ಮಾಸ್ಟ್ರು ಹೆಂಡತಿಯ ಮುಂದೆ ಅದೇ ಎಡಗೈ ಚಾಚಿದರು. "ಹಾಕು ಮಾರಾಯ್ತಿ. ಟೈಪ್ ಮಾಡ್ಲಿಕ್ಕೆ ಇನ್ನೊಂದು ಕೈ ಉಂಟಲ್ಲ."

ಬಳೆಯನ್ನು ಬಲಗೈಗೆ ಹಾಕಿದ್ದರೂ ಸಾಕಿತ್ತು. ಅದನ್ನು ತೊಡಿಸುವಾಗಿನ ಆಕೆಯ ಮುಖ ನೋಡಿದ ಮೇಲೆ ಹಾಗೆಂದು ಹೇಳಲು ನನಗೆ ಮನಸ್ಸಾಗಲಿಲ್ಲ.