ಉಡಿ ತುಂಬಿಸಿಕೊಂಡ ತಪ್ಪಿಗೆ

ಹೋದ ತಿಂಗಳು ಬಸುರಿ ಸೊಸೆಯನ್ನು ತೋರಿಸಲು ಸಿಂಧನೂರಿನ ಆಸ್ಪತ್ರೆಯೊಂದಕ್ಕೆ ಹೋಗಿದ್ದೆ. ಒಳಗಿನಿಂದ ಬಂದ ನರ್ಸ್ ಕೈಗವಸು ಕಳಚಿ ನನ್ನ ಪಕ್ಕದ ಡಬ್ಬಿಗೆ ಒಗೆದಳು. ರಬ್ಬರು, ಪೌಡರು ಕೂಡಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಬಳಗಾನೂರಿನ ನಮ್ಮ ಮನೆಯ ಅಂಗಳ ಕಣ್ಣ ಮುಂದೆ ಬಂತು. ಅಲ್ಲಿ ಹಗ್ಗದ ಮೇಲೆ ನನ್ನ ಲಂಗ, ಅಪ್ಪನ ಧೋತರದ ಜೊತೆ ಕೈಗವಸುಗಳೂ ಒಣಗುತ್ತಿದ್ದವು. ಒಮ್ಮೆ ಹಾಕಿ ಎಸೆಯುವ ಶ್ರೀಮಂತಿಕೆ ಆಗ ಎಲ್ಲಿತ್ತು? ತೊಳೆದು, ಕುದಿಸಿ, ಒಣಗಿಸಿ, ಪೌಡರು ಬಳಿದು ಮತ್ತೆ ಹಾಕಿಕೊಳ್ಳಬೇಕು. ಗಾಳಿ ಬೀಸಿದರೆ ಅವು ಯಾರನ್ನೋ ಕರೆಯುವಂತೆ ಆಡುತ್ತಿದ್ದವು. ನಮ್ಮ ಅಜ್ಜಿ ಮಾತ್ರ, ಮನೆಯ ಮುಂದೆ ಇದೆಂಥ ಅಪಶಕುನ ಎಂದು ಗೊಣಗುತ್ತ ಮುಖ ಆಚೆ ತಿರುಗಿಸಿ ಓಡಾಡುತ್ತಿದ್ದಳು.

ಆ ಕೈಗವಸುಗಳು ನಮ್ಮ ಮನೆಯ ಮುಂದಿನ ಎರಡು ಕೋಣೆಯಲ್ಲಿ ಬಾಡಿಗೆಗಿದ್ದ ನರ್ಸಮ್ಮನವು. ಎಂಬತ್ತರ ದಶಕದ ಮೊದಲ ವರ್ಷಗಳು. ನಾನಿನ್ನೂ ಶಾಲೆಗೆ ಹೋಗುತ್ತಿದ್ದೆ. ಸರ್ಕಾರ ಅವರನ್ನು ನಮ್ಮ ಊರಿಗೆ ಹಾಕಿತ್ತು. ಆದರೆ ಸುತ್ತಲ ಊರುಗಳ ಬಸುರಿಯರೆಲ್ಲ ತಮ್ಮ ಹೊಣೆ ಎಂಬಂತೆ ಅವರು ತಿರುಗುತ್ತಿದ್ದರು. ಸಾಲಗುಂದದಿಂದ ಬಂಡಿ ಬರುತ್ತಿತ್ತು, ಬಂಗಾಲಿ ನಿರಾಶ್ರಿತರಿಗೆಂದು ಸರ್ಕಾರ ಕಟ್ಟಿದ ಆರ್.ಎಚ್. ಕ್ಯಾಂಪಿನಿಂದ ಸೈಕಲ್ ಬರುತ್ತಿತ್ತು. ಕ್ಯಾಂಪಿನ ಬಂಗಾಲಿ ಹೆಂಗಸರ ಮಾತು ಇವರಿಗೆ ತಿಳಿಯದು, ಇವರದು ಅವರಿಗೆ ತಿಳಿಯದು. ಹೆರಿಗೆ ಮಾತ್ರ ಸುಸೂತ್ರ ಆಗುತ್ತಿತ್ತು. ಬಾಗಿಲಲ್ಲಿ ಬೀಡಿ ಸೇದುತ್ತ ಕೂತ ಗಂಡಂದಿರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಹುಟ್ಟಿಸಲಿಕ್ಕೆ ಬರುತ್ತದೆ, ನೀರು ಕಾಯಿಸಲಿಕ್ಕೆ ಬರುವುದಿಲ್ಲವೋ ಎಂದು ಬೈದು ಒಲೆಯ ಮುಂದೆ ಕೂರಿಸುತ್ತಿದ್ದರು. ಬೈಸಿಕೊಂಡವರೇ ಮರುದಿನ ಸಕ್ಕರೆ ಹಂಚುತ್ತ ಬರುತ್ತಿದ್ದರು.

ಹೆರಿಗೆಗೆಂದು ಅವರು ದುಡ್ಡು ಮುಟ್ಟಿದವರಲ್ಲ. ಆದರೆ ಐದನೆಯ ದಿನ ಬಾಣಂತಿಯ ಮನೆಯವರು ಉಡಿ ತುಂಬಲು ಕರೆದರೆ ಸೆರಗು ಒಡ್ಡುತ್ತಿದ್ದರು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನದ ಕೊಂಬು, ಒಂದು ಕುಪ್ಪಸದ ಖಣ. ಮುತ್ತೈದೆಯಾದವಳು ಉಡಿ ಬೇಡ ಅನ್ನಬಾರದು, ಅಂದರೆ ಆ ಕೂಸಿಗೆ ಒಳ್ಳೆಯದಲ್ಲ. ಇದನ್ನು ನಮ್ಮ ಕಡೆ ಯಾರೂ ಯಾರಿಗೂ ಕಲಿಸಬೇಕಾಗಿಲ್ಲ.

ಅವರ ಗಂಡ ಕಾಲುವೆಯ ಗೇಟುಗಳಿಗೆ ವೆಲ್ಡಿಂಗ್ ಮಾಡುತ್ತಿದ್ದ. ಒಳ್ಳೆಯ ಕೆಲಸಗಾರ, ಅದರಲ್ಲಿ ಎರಡು ಮಾತಿಲ್ಲ. ಹೈದರಾಬಾದಿನ ಏಜೆಂಟನೊಬ್ಬನ ಮೂಲಕ ಅರಬರ ದೇಶಕ್ಕೆ ಹೋದ. ಅದು ಯಾವ ದೇಶವೋ, ನಮ್ಮ ಕಡೆ ಸಮುದ್ರದಾಚೆ ಒಂಟೆ ಇರುವ ಊರೆಲ್ಲ ದುಬೈಯೇ. ಕೆಲವು ವರ್ಷದಲ್ಲಿ ಫೋರ್‌ಮನ್ ಆದ, ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಬಹುದು ಎಂದಾಯಿತು. ನರ್ಸಮ್ಮ ವಾರಗಟ್ಟಲೆ ಹೊಯ್ದಾಡಿದರು. ಗಂಡ ಇದ್ದಲ್ಲಿ ಹೆಂಡತಿ ಇರಬೇಕು ಎಂದು ಲಿಂಗಸುಗೂರಿನಿಂದ ಅತ್ತೆ ಬಂದು ಕೂತರು. ನಮ್ಮ ಅವ್ವನೂ ಹೂಂಗುಟ್ಟಿದಳು. ಸರ್ಕಾರಿ ನೌಕರಿ ಬಿಟ್ಟು ಹೋಗುವುದೇ ಎಂದು ಅಪ್ಪ ಒಬ್ಬರೇ ಕೇಳಿದ್ದು. ಅದಕ್ಕೆ ಅವರು ಕೊಟ್ಟ ಉತ್ತರ ನನಗೆ ಈಗಲೂ ಕೇಳಿಸುತ್ತದೆ.

"ಅಲ್ಲೂ ಹೆಣ್ಮಕ್ಕಳು ಹಡೀತಾರಲ್ರೀ. ನನ್ನಂಥಾಕಿಗೆ ಕೆಲಸ ಸಿಗದಂಗ ಇರ್ತೈತೇನು?"

ಪಗಾರವಿಲ್ಲದ ರಜೆ ಬರೆದುಕೊಟ್ಟು, ನಾಲ್ಕು ವರ್ಷದ ಮಗಳನ್ನು ಸೊಂಟಕ್ಕೇರಿಸಿಕೊಂಡು ಹೋದರು. ದೂರದ ಬೆಟ್ಟ ನುಣ್ಣಗೆ ಅನ್ನುವುದು ನಮಗೆ ಗೊತ್ತಿದ್ದರೂ, ಹತ್ತಿ ನೋಡುವ ತನಕ ಯಾರು ನಂಬುತ್ತಾರೆ?

ಮುಂದಿನದನ್ನು ಅವರೇ ಹೇಳಿದ್ದು. ಅಷ್ಟರಲ್ಲಿ ನಾನು ಮದುವೆಯಾಗಿ ಮಸ್ಕಿಗೆ ಬಂದಿದ್ದೆ. ತೊಂಬತ್ತರ ಸುಮಾರಿಗೆ ಅವರೂ ಆ ದೇಶದಿಂದ ಮರಳಿ ಮಸ್ಕಿಗೆ ಬಂದು ನಮ್ಮದೇ ಓಣಿಯಲ್ಲಿ ಮನೆ ಹಿಡಿದರು. ತಮ್ಮ ಗಂಡ ಮನೆಯಲ್ಲಿ ಇಲ್ಲದ ಮಧ್ಯಾಹ್ನಗಳಲ್ಲಿ, ಅಕ್ಕಿ ಆರಿಸುತ್ತ, ತುಣುಕು ತುಣುಕಾಗಿ ಹೇಳುತ್ತಿದ್ದರು…

ಅಲ್ಲಿ ಇಳಿದ ಮೇಲೆಯೇ ತಿಳಿದದ್ದಂತೆ. ಗಂಡನ ವೀಸಾದ ಮೇಲೆ ಬಂದ ಹೆಂಡತಿ ಅಡುಗೆ ಮಾಡಬಹುದು, ಬಟ್ಟೆ ಒಗೆಯಬಹುದು, ಮನೆಯ ಹೊರಗೆ ಯಾವ ಕೆಲಸವನ್ನೂ ಮಾಡುವಂತಿಲ್ಲ. ಮಾಡಿ ಸಿಕ್ಕಿಬಿದ್ದರೆ ಗಂಡನ ನೌಕರಿಗೇ ಕುತ್ತು. ಗಂಡನ ಕೈಯಲ್ಲಿ ಕಸುಬಿದೆ ಎಂದು ಕರೆಸಿಕೊಂಡ ದೇಶಕ್ಕೆ ಹೆಂಡತಿಯ ಕೈಯಲ್ಲೂ ಒಂದು ಕಸುಬಿದೆ ಅನ್ನುವುದು ಬೇಕಿರಲಿಲ್ಲ. ಮಾಲೀಕನನ್ನು ಒಂದು ಮಾತು ಕೇಳಿ ನೋಡಿ ಎಂದರೆ, ಇದ್ದದ್ದನ್ನು ಕೆಡಿಸಬೇಡ ಎಂದು ಗಂಡ ಬಾಯಿ ಮುಚ್ಚಿಸಿದ. ಆ ದಿನಗಳನ್ನು ನೆನೆದು ನರ್ಸಮ್ಮ ಹೇಳಿದ್ದು ಇಷ್ಟೆ: "ಉಣ್ಣೂದು, ಮಲಗೂದು, ಕಿಟಕ್ಯಾಗ ನಿಂದ್ರೂದು. ಕೈ ಸುಮ್ಮನ ಇದ್ರ ತಲಿ ಸುಮ್ಮನ ಇರಂಗಿಲ್ಲ ತಂಗಿ."

ಅದೇ ಕಟ್ಟಡದಲ್ಲಿ ಆದೋನಿ ಕಡೆಯ ತೆಲುಗು ಹೆಂಗಸೊಬ್ಬಳಿದ್ದಳು, ದಿನ ತುಂಬಿದ ಬಸುರಿ. ಗಂಡಸರೆಲ್ಲ ಕೆಲಸಕ್ಕೆ ಹೋದ ಒಂದು ಬೆಳಗ್ಗೆ ಅವಳಿಗೆ ನೋವು ಶುರುವಾಯಿತು. ಗಾಡಿ ಇಲ್ಲ, ಆಸ್ಪತ್ರೆಗೆ ಹೇಳಿ ಕಳಿಸಲು ಭಾಷೆ ಬಲ್ಲವರಿಲ್ಲ. ನರ್ಸಮ್ಮ ಹಿಂದೆ ಮುಂದೆ ನೋಡಲಿಲ್ಲ. ತಾಯಿ, ಕೂಸು ಎರಡೂ ಉಳಿದವು. ಐದನೆಯ ದಿನ ಆ ಹೆಂಗಸು ಕರೆದು ಉಡಿ ತುಂಬಿದಳು. ಅಕ್ಕಿಯ ನಡುವೆ ಒಂದು ಬಂಗಾರದ ಗುಂಡು ಇಟ್ಟಿದ್ದಳು, ಜೀವ ಉಳಿಸಿದ ಅಕ್ಕನ ತಾಳಿಗೆ ಇರಲಿ ಎಂದು. ಕಾನೂನು ನರ್ಸಮ್ಮನಿಗೆ ಗೊತ್ತಿತ್ತು, ದುಡ್ಡು ಕೊಟ್ಟಿದ್ದರೆ ಕೈಗೂ ಮುಟ್ಟುತ್ತಿರಲಿಲ್ಲ. ಆದರೆ ಉಡಿಯನ್ನು ಹೇಗೆ ಬೇಡ ಅನ್ನುವುದು? ಸೆರಗು ಒಡ್ಡಿದರು.

ನೋಡಿದವರು ನಾಲ್ಕು ಜನ, ಆಡಿದವರು ನಲವತ್ತು. ಫೋರ್‌ಮನ್ನನ ಹೆಂಡತಿ ಬಂಗಾರ ತೆಗೆದುಕೊಂಡು ಹೆರಿಗೆ ಮಾಡಿಸುತ್ತಾಳೆ ಎಂಬ ಮಾತು ಕಟ್ಟಡ ಇಳಿದು ಕಂಪನಿಯ ಕಚೇರಿ ತನಕ ಹೋಯಿತು. ಕರೆಸಿ ಕೇಳಿದರು, ಬಂಗಾರ ತಗೊಂಡದ್ದು ನಿಜವೇ ಎಂದು. ನಿಜ ಎಂದರು ನರ್ಸಮ್ಮ. ಉಡಿ ಅಂದರೆ ಕೂಲಿಯಲ್ಲ ಎಂದು ಅಲ್ಲಿ ಯಾರು ಯಾರಿಗೆ ತಿಳಿಸಿ ಹೇಳುವುದು? ಆ ಗುಂಡನ್ನು ಮೇಜಿನ ಮೇಲಿಟ್ಟು ಬಂದರಂತೆ. ಅದರಿಂದೇನೂ ಆಗಲಿಲ್ಲ. ಗಂಡನ ನೌಕರಿ ಹೋಯಿತು, ವೀಸಾ ರದ್ದಾಯಿತು, ಮೂವರನ್ನೂ ವಿಮಾನ ಹತ್ತಿಸಿದರು.

ಆಗ ಆ ಕಡೆ ಯುದ್ಧದ ಸುದ್ದಿ ಜೋರಾಗಿತ್ತು. ಯುದ್ಧಕ್ಕೆ ಹೆದರಿ ಬಂದಿದ್ದಾರೆ ಎಂದು ಊರು ತಿಳಿದುಕೊಂಡಿತು, ಗಂಡನೂ ಹಾಗೆಯೇ ಹೇಳಿಕೊಂಡ. ಒಂದು ಬಂಗಾರದ ಗುಂಡಿನ ಆಸೆಗೆ ನನ್ನ ಅನ್ನಕ್ಕೆ ಕಲ್ಲು ಹಾಕಿದಳು ಎಂಬ ಮಾತು ಮನೆಯೊಳಗಿನದು. ಇತ್ತ ರಜೆ ಮುಗಿದು ವರ್ಷಗಳಾಗಿದ್ದರಿಂದ ಸರ್ಕಾರ ನರ್ಸಮ್ಮನನ್ನು ಕೆಲಸದಿಂದ ತೆಗೆದಿತ್ತು. ಬಳಗಾನೂರಿಗೆ ಬೇರೆಯವರು ಬಂದಿದ್ದರು. ಇನ್ನು ಉಳಿದದ್ದು ಊರವರು ಮನೆಗೆ ಬಂದು ಕರೆಯುವುದೊಂದೇ. ಅದನ್ನೂ ಗಂಡ ಉಳಿಸಲಿಲ್ಲ. ಇನ್ನು ಮೇಲೆ ಯಾವ ಬಸುರಿಯ ಮೈಯನ್ನೂ ಮುಟ್ಟುವುದಿಲ್ಲ ಎಂದು ಮಗಳ ತಲೆಯ ಮೇಲೆ ಕೈಯಿಡಿಸಿ ಆಣೆ ಮಾಡಿಸಿದ. ಬಾಗಿಲಿಗೆ ಬಂದವರಿಗೆಲ್ಲ ನರ್ಸಮ್ಮ ಲಿಂಗಸುಗೂರಿನ ದವಾಖಾನೆಗೆ ಹೋಗಿರಿ ಎಂದು ಹೇಳಿ ಒಳಗೆ ಹೋಗಿಬಿಡುತ್ತಿದ್ದರು. ಆ ದೇಶದ ನಿಯಮ ಆ ದೇಶದಲ್ಲೇ ಮುಗಿಯಬೇಕಿತ್ತು. ಅದು ಇವರ ಪೆಟ್ಟಿಗೆಯ ಜೊತೆ ಮಸ್ಕಿಗೂ ಬಂದಿತ್ತು.

ನನ್ನ ಎರಡನೆಯ ಹೆರಿಗೆ. ಮೊದಲನೆಯದು ತವರಿನಲ್ಲಿ ಆಗಿತ್ತು, ಇದಕ್ಕೂ ಮುಂದಿನ ವಾರ ಹೋಗುವುದೆಂದು ಸೀರೆ ಮಡಿಸಿಟ್ಟಿದ್ದೆ. ನೋವು ಕಾಯಲಿಲ್ಲ. ಉರಿಬಿಸಿಲಿನ ಮಧ್ಯಾಹ್ನ, ನಮ್ಮ ಮನೆಯವರು ಜೀಪು ಹುಡುಕಲು ಓಡಿದರು. ನಮ್ಮ ಅತ್ತೆ ಮುದಿ ಸೂಲಗಿತ್ತಿಯನ್ನು ಕರೆಸಿ, ನರ್ಸಮ್ಮನ ಬಾಗಿಲಿಗೂ ಹೋಗಿ ಕೈಮುಗಿದರು. ನರ್ಸಮ್ಮ ಬಂದರು. ಬಂದು ಕೋಣೆಯ ಹೊಸ್ತಿಲಾಚೆ ನಿಂತರು, ಎರಡೂ ಕೈ ಸೆರಗಿನಲ್ಲಿ ಸುತ್ತಿಕೊಂಡು.

ಕೂಸಿನ ಕಾಲು ಮುಂದಾಗಿತ್ತು. ಹೊಸ್ತಿಲಾಚೆಯಿಂದಲೇ ಅವರು ಒಂದೊಂದೇ ಹೇಳುತ್ತಿದ್ದರು. ಎಳೆಯಬೇಡ, ಕಾಯಿ, ತಾನಾಗಿ ಬರಲಿ, ಕೈ ಹೀಗೆ ಇಡು. ಸೂಲಗಿತ್ತಿಗೆ ಅರ್ಧ ಕೇಳಿಸುತ್ತಿತ್ತು, ಅರ್ಧ ಇಲ್ಲ. ನಾನು ಕತ್ತು ಹೊರಳಿಸಿ ಬಾಗಿಲಿನತ್ತ ನೋಡಿ, ಒಳಗ ಬಾ ಅಕ್ಕಾ ಎಂದೆ. ಎಷ್ಟು ಸಲ ಎಂದೆನೋ… ಅವರ ಮುಖ ಬೆವರಿನಿಂದ ತೊಯ್ದಿತ್ತು. ಸೂಲಗಿತ್ತಿ ಗಾಬರಿಯಾಗಿ ಎಳೆದೇಬಿಟ್ಟಳು. ಕೂಸಿನ ತಲೆ ಒಳಗೇ ಸಿಕ್ಕಿಕೊಂಡಿತು. ಹೊರಬರುವ ಹೊತ್ತಿಗೆ ಅದಕ್ಕೆ ಅಳುವ ಶಕ್ತಿ ಇರಲಿಲ್ಲ. ಹೆಣ್ಣು ಕೂಸು. ಉಳಿಯಲಿಲ್ಲ.

ಆಮೇಲೆ ನನಗೆ ರಕ್ತ ನಿಲ್ಲಲಿಲ್ಲ. ನರ್ಸಮ್ಮ ಹೊಸ್ತಿಲು ದಾಟಿ ಬಂದದ್ದು ಆಗ. ನನ್ನ ಹೊಟ್ಟೆಯ ಮೇಲೆ ಅವರ ಎರಡೂ ಕೈ ಊರಿದ ಭಾರ ಇವತ್ತಿಗೂ ನನಗೆ ನೆನಪಿದೆ. ಜೀಪು ಬರುವ ತನಕ, ಲಿಂಗಸುಗೂರು ಮುಟ್ಟುವ ತನಕ ಆ ಕೈ ತೆಗೆಯಲಿಲ್ಲ. ನಾನು ಬದುಕಿದೆ.

ಬದುಕಿದ ಮೇಲೆ ನನಗೆ ಬಂದದ್ದು ಸಿಟ್ಟು. ತಿಂಗಳುಗಟ್ಟಲೆ ಅವರ ಮುಖ ನೋಡಲಿಲ್ಲ. ಮೊದಲೇ ಒಳಗೆ ಬರಬಾರದಿತ್ತೇ? ನನ್ನ ಕೂಸಿನ ಎದುರು ಯಾವ ಆಣೆ ದೊಡ್ಡದು? ಆದರೆ ಅವರ ಮಗಳು ಹೆಗಲಿಗೆ ಪಾಟಿಚೀಲ ಹಾಕಿಕೊಂಡು ನಮ್ಮ ಮನೆಯ ಮುಂದೆಯೇ ಶಾಲೆಗೆ ಹೋಗುತ್ತಿತ್ತು. ಅದನ್ನು ಕಂಡಾಗ ನನ್ನ ಸಿಟ್ಟು ಎಲ್ಲಿಗೆ ಹೋಗಬೇಕೋ ತಿಳಿಯದೆ ಒದ್ದಾಡುತ್ತಿತ್ತು. ಆ ಗಂಡನ ಮೇಲೋ, ಹೆಸರೂ ಸರಿಯಾಗಿ ತಿಳಿಯದ ಆ ದೇಶದ ಮೇಲೋ. ಆಣೆ ಮುರಿದದ್ದು ತಿಳಿದು ಗಂಡ ಅವರ ಜೊತೆ ಮಾತು ಬಿಟ್ಟಿದ್ದ.

ಸೊಸೆಯ ಜೀವ ಉಳಿಸಿದಳೆಂದು ನಮ್ಮ ಅತ್ತೆ ಒಂದು ಶುಕ್ರವಾರ ಅವರ ಮನೆಗೆ ಅಕ್ಕಿ, ಖಣ ಹಿಡಿದು ಹೋದರು. ನಾನೂ ಹಿಂದೆ ನಿಂತಿದ್ದೆ. ನರ್ಸಮ್ಮ ಗೋಡೆಗೆ ಬೆನ್ನು ಹತ್ತುವ ತನಕ ಹಿಂದೆ ಸರಿದರು.

"ಉಡಿ ಬ್ಯಾಡ್ರೀ… ನನಗ ಉಡಿ ಬ್ಯಾಡ."

ಹಣೆಯಲ್ಲಿ ಕುಂಕುಮ ಇರುವ ಹೆಂಗಸಿನ ಬಾಯಲ್ಲಿ ಆ ಮಾತನ್ನು ನಾನು ಕೇಳಿದ್ದು ಅದೊಂದೇ ಸಲ. ಆವತ್ತೇ ನನ್ನ ಸಿಟ್ಟು ಇಳಿಯಿತು. ಅದರ ಜಾಗದಲ್ಲಿ ಬಂದ ಸಂಕಟ ಇನ್ನೂ ಇಳಿದಿಲ್ಲ.

ಅದಾದ ಮೂರ್ನಾಲ್ಕು ವರ್ಷಕ್ಕೆ ನರ್ಸಮ್ಮ ಕಾಮಾಲೆಯಾಗಿ ತೀರಿಕೊಂಡರು. ಮಣ್ಣಿಗೆ ಬಳಗಾನೂರು, ಸಾಲಗುಂದ, ಕ್ಯಾಂಪುಗಳಿಂದೆಲ್ಲ ಜನ ಬಂದಿದ್ದರು. ಮೂರನೆಯ ದಿನ ನಾವೆಲ್ಲ ಅವರ ಮನೆಯಲ್ಲಿ ಕೂತಿದ್ದಾಗ, ಅದೇ ಓಣಿಯಲ್ಲಿದ್ದ ಪಂಚಾಯಿತಿಯ ಗುಮಾಸ್ತ ಸಾವಿನ ನೋಂದಣಿಗೆಂದು ಬಂದ. ಹೆಸರು ಕೇಳಿದ, ವಯಸ್ಸು ಕೇಳಿದ, ಆಮೇಲೆ ಉದ್ಯೋಗ ಕೇಳಿದ.

"ಉದ್ಯೋಗ ಏನಿಲ್ಲ," ಎಂದ ಗಂಡ. "ಮನ್ಯಾಗ ಇರ್ತಿದ್ಲು."

ಒಳಗಿನಿಂದ ನಾನೇ ಎದ್ದು ಬಂದು ಹೇಳಿದೆ, "ನರ್ಸ್ ಅಂತ ಬರಕೋರಿ."

ಗುಮಾಸ್ತ ಒಳ್ಳೆಯವನೇ. ಮರ್ಯಾದೆಯಿಂದಲೇ ಕೇಳಿದ, "ಯಾವ ದವಾಖಾನ್ಯಾಗ್ರೀ ಅಕ್ಕಾ?"

ನಾನು ಅಂಗಳದತ್ತ ಕೈ ತೋರಿಸಿದೆ. ಅವರ ಕೈಯಲ್ಲಿ ಹುಟ್ಟಿ ಈಗ ಮೀಸೆ ಚಿಗುರುತ್ತಿದ್ದ ಹುಡುಗರು ಅಲ್ಲಿ ತುಂಬ ಕೂತಿದ್ದರು. ಗುಮಾಸ್ತ ಆ ಕಡೆ ಒಮ್ಮೆ ನೋಡಿದ. ಆಮೇಲೆ ಗಂಡ ಹೇಳಿದ್ದನ್ನೇ ಬರೆದುಕೊಂಡು ಹೋದ.

ಸಿಂಧನೂರಿನ ಆ ಆಸ್ಪತ್ರೆಯಲ್ಲಿ ಸೊಸೆ ಒಳಗಿನಿಂದ ನಗುತ್ತ ಬಂದಳು. ಎಲ್ಲ ಸರಿ ಇದೆಯಂತೆ, ಕೂಸು ಚೆನ್ನಾಗಿ ಆಡುತ್ತಿದೆಯಂತೆ. ನನ್ನ ಮುಖ ನೋಡಿ ಗಾಬರಿಯಾದಳು.

"ಯಾಕ್ರೀ ಅತ್ತಿ, ಅಳಾಕತ್ತೀರಿ?"

ನಮ್ಮ ಬಳಗಾನೂರಿನ ನರ್ಸಮ್ಮ ಹೋಗಿಬಿಟ್ಟರು ಎಂದೆ. ಅಯ್ಯೋ, ಯಾವಾಗ ಎಂದು ಕೇಳಿದಳು. ಬಹಳ ವರ್ಷವಾಯಿತು ಎಂದೆ.