ಪಲ್ಲಾವರಂ ಸಂತೆಯಿಂದ ಬಂದ ಕೀಬೋರ್ಡು

ಮಿಕ್ಸಿಯ ಚಿಕ್ಕ ಜಾರಿನ ಮುಚ್ಚಳ ಒಡೆದು ಎರಡು ವಾರವಾಗಿತ್ತು. ಪಲ್ಲಾವರಂನಲ್ಲಿ ಶುಕ್ರವಾರ ಸೇರುವ ಹಳೇ ಸಾಮಾನಿನ ಸಂತೆಯಲ್ಲಿ ಸಿಗದ ವಸ್ತುವಿಲ್ಲ, ಅಲ್ಲಿಂದ ಒಂದು ಮುಚ್ಚಳ ತರುತ್ತೇನೆಂದು ನಮ್ಮ ಯಜಮಾನರು ಬೆಳಿಗ್ಗೆ ಏಳಕ್ಕೇ ಮನೆ ಬಿಟ್ಟರು. ನಾವಿರುವ ಮಾಧವರಂನಿಂದ ಪಲ್ಲಾವರಂ ಎಂದರೆ ಮದ್ರಾಸಿನ ಈ ತುದಿಯಿಂದ ಆ ತುದಿ. ಒಂದು ಮುಚ್ಚಳಕ್ಕಾಗಿ ಅಷ್ಟು ದೂರ ಹೋಗುವವರು ರಿಟೈರಾದ ಗಂಡಸರು ಮಾತ್ರ. ಮಧ್ಯಾಹ್ನ ವಾಪಸು ಬಂದಾಗ ಬೆವರಿನಲ್ಲಿ ತೊಯ್ದು ತೊಪ್ಪೆಯಾಗಿದ್ದರು. ಹೆಗಲ ಮೇಲೆ ಯಾರದೋ ಹಳೇ ಬೆಡ್‌ಶೀಟಿನಲ್ಲಿ ಸುತ್ತಿದ ಉದ್ದನೆಯ ಗಂಟೊಂದಿತ್ತು.

"ಮುಚ್ಚಳ ಎಲ್ಲೈತ್ರಿ?" ಎಂದೆ.

"ಸಿಗಲಿಲ್ಲ. ಇದು ಸಿಕ್ತು," ಎಂದರು.

ಬಿಚ್ಚಿದರೆ ಸಿಂಥಸೈಜರ್ ಕೀಬೋರ್ಡು. ಅರವತ್ತೊಂದು ಕಪ್ಪು-ಬಿಳಿ ಕೀಗಳು, ಎರಡೂ ಬದಿಗೆ ಸ್ಪೀಕರು, ನಡುವೆ ಪುಟ್ಟ ಪರದೆ, ಉಳಿದ ಜಾಗವೆಲ್ಲ ಗುಂಡಿಗಳು. ನಮ್ಮ ಯಜಮಾನರಿಗೆ ಸಂಗೀತದ ಗಂಧಗಾಳಿ ಇಲ್ಲ. ರೈಲ್ವೆಯ ಕಂಟ್ರೋಲ್ ಆಫೀಸಿನಲ್ಲಿ ಕೂತು ಯಾವ ಗಾಡಿ ಎಷ್ಟು ನಿಮಿಷ ತಡ ಎಂದು ಬರೆದುಕೊಳ್ಳುವುದೇ ಅವರ ಜೀವಮಾನದ ಕೆಲಸವಾಗಿತ್ತು. ಮದುವೆಯಾದ ಹೊಸದರಲ್ಲಿ ಸಿನಿಮಾಕ್ಕೆ ಹೊರಟಾಗ ಹೂ ಮುಡಿಯಲು ನಾನು ನಾಲ್ಕು ನಿಮಿಷ ತಡ ಮಾಡಿದೆನೆಂದು ಒಬ್ಬರೇ ಬಸ್ಸು ಹತ್ತಿ ಹೋದ ಮಹಾನುಭಾವರು ಇವರು.

"ಮಂಗ್ಯಾನ ಕೈಯಾಗ ಮಾಣಿಕ್ಯ ಕೊಟ್ಟಂಗಾತು. ಯಾರಿಗ್ರಿ ಇದು?"

"ನಿನಗ," ಎಂದವರೇ ಸ್ನಾನಕ್ಕೆ ಹೋಗಿಬಿಟ್ಟರು.

ನನಗೇಕೆ ಎಂಬುದನ್ನು ಹೇಳಬೇಕೆಂದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ವ್ಯಾಪಾರಕ್ಕೋ ನೌಕರಿಗೋ ಈ ಊರಿಗೆ ಬಂದು ಬೇರು ಬಿಟ್ಟ ನಮ್ಮ ಕಡೆಯ ಹತ್ತಿಪ್ಪತ್ತು ಮನೆಯವರು ತಿಂಗಳಿಗೊಂದು ಭಾನುವಾರ ಒಂದು ಹಾಲ್‌ನಲ್ಲಿ ಸೇರುತ್ತೇವೆ. ಪೂಜೆ, ಪ್ರಸಾದ, ಅವೆರಡರ ನಡುವೆ ವಚನಗಾಯನ. ಮನೆಗೊಂದು ವಚನ ಎಂಬುದು ಪದ್ಧತಿ. ಸರದಿ ತಪ್ಪಿಸುವಂತಿಲ್ಲ, ಹಾಡಲು ಬಾರದವರು ಓದಿಯಾದರೂ ಹೇಳಬೇಕು. ಇಪ್ಪತ್ತಾರು ವರ್ಷ ನಮ್ಮ ಮನೆಯ ಸರದಿ ನನ್ನದೇ ಆಗಿತ್ತು. ಜಂಬವೆಂದರೆ ಜಂಬ, ನಾನು ಹಾಡಲು ನಿಂತರೆ ಅಡುಗೆಮನೆಯಲ್ಲಿ ಪಾಯಸ ಕದಡುವವರೂ ಸೌಟು ಹಿಡಿದುಕೊಂಡು ಬಾಗಿಲಿಗೆ ಬರುತ್ತಿದ್ದರು.

ಹೋದ ವರ್ಷ ಕುತ್ತಿಗೆಯಲ್ಲಿ ಥೈರಾಯ್ಡಿನ ಗಡ್ಡೆ ತೆಗೆಸಿಕೊಂಡೆ. ದನಿ ಇಳಿಯಿತು. ಸಾಲಿನ ನಡುವೆಯೇ ಉಸಿರು ಮುಗಿಯತೊಡಗಿತು. ಡಾಕ್ಟರು "ಹಾಡಬಹುದು" ಎಂದರು, ಹೇಗೆ ಎಂದು ಹೇಳಲಿಲ್ಲ. ನಾಲ್ಕು ತಿಂಗಳು ಬಿಟ್ಟು ಧೈರ್ಯ ಮಾಡಿ ಸಭೆಯಲ್ಲಿ ಎದ್ದು ನಿಂತೆ. ಹಾರ್ಮೋನಿಯಂ ಬಾರಿಸುವ ಹಿರಿಯರು ಹಿಡಿದ ಲಯ ಬಿಡುವವರಲ್ಲ. ಅವರು ಮುಂದೆ, ನಾನು ಹಿಂದೆ. ಎರಡನೇ ಸಾಲಿಗೇ ನಿಂತುಬಿಟ್ಟೆ. "ಇರ್ಲಿ ತಾಯಿ, ನೀವು ಹಾಡಿದ್ದು ಬೇಕಾದಷ್ಟು ಕೇಳೀವಿ," ಎಂದು ಅವರು ಪ್ರೀತಿಯಿಂದಲೇ ಹೇಳಿದರು. ಪ್ರೀತಿಯಿಂದ ಹೇಳಿದ್ದಕ್ಕೇ ಹೆಚ್ಚು ಚುಚ್ಚಿತು. ಇನ್ನು ಹಾಡುವುದಿಲ್ಲ ಎಂದು ಅಂದೇ ತೀರ್ಮಾನ ಮಾಡಿದೆ. ಆಮೇಲೆ ನಮ್ಮ ಸರದಿ ಬಂದಾಗಲೆಲ್ಲ ಯಜಮಾನರು ಎದ್ದು ಚೀಟಿ ನೋಡಿಕೊಂಡು ವಚನ ಓದುತ್ತಿದ್ದರು, ಪ್ಲಾಟ್‌ಫಾರ್ಮಿನ ಮೈಕಿನಲ್ಲಿ ಗಾಡಿ ಬರುವುದನ್ನು ಹೇಳುವ ಹಾಗೆ. ಜನ ತಲೆ ಬಗ್ಗಿಸಿ ಕೇಳುತ್ತಿದ್ದರು. ನಾನು ಸೀರೆಯ ಸೆರಗು ನೋಡುತ್ತ ಕೂತಿರುತ್ತಿದ್ದೆ.

ಈಗ ಈ ಕೀಬೋರ್ಡು. ಮೊದಲ ದಿನ ಅದನ್ನು ಊಟದ ಟೇಬಲ್ ಮೇಲೆ ಮಲಗಿಸಿ ಯಾವುದೋ ನಂಬರು ಒತ್ತಿದರು, ಕೀ ಮುಟ್ಟಿದರು, ನಾಯಿ ಬೊಗಳಿತು. ನಿಜವಾಗಿ! ಸಿತಾರು, ಕೊಳಲು, ಪಿಟೀಲುಗಳ ಜೊತೆಗೆ ಅದರೊಳಗೆ ಒಂದು ನಾಯಿಯೂ ಇತ್ತು. ಸ ಒತ್ತಿದರೆ ದೊಡ್ಡ ನಾಯಿ, ಮೇಲಿನ ಸ ಒತ್ತಿದರೆ ಮರಿ. ನಮ್ಮ ಬೀದಿಯ ನಾಯಿಗಳು ಗೇಟಿನ ಮುಂದೆ ಸೇರಿ ಉತ್ತರ ಕೊಟ್ಟವು. "ಆಹಾ, ಎಂಥಾ ಜುಗಲ್‌ಬಂದಿ!" ಎಂದು ನಾನು ಕೈಮುಗಿದೆ. ಅವರು ನಗಲಿಲ್ಲ. ಫೋನಿನಲ್ಲಿ ಕೀಬೋರ್ಡಿನ ಮ್ಯಾನುಯಲ್ ಹುಡುಕಿ, ಬೀದಿ ಕೊನೆಯ ಜೆರಾಕ್ಸ್ ಅಂಗಡಿಯಲ್ಲಿ ಅಷ್ಟೂ ಪುಟ ಪ್ರಿಂಟು ತೆಗೆಸಿ, ದಾರ ಪೋಣಿಸಿ ಕಟ್ಟಿ, ಇಲಾಖೆಯ ಪರೀಕ್ಷೆಗೆ ಓದುವವರಂತೆ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತ ಕೂತರು.

ಒಂದು ವಾರದಲ್ಲಿ ಟ್ರಾನ್ಸ್‌ಪೋಸ್ ಎಂಬ ಗುಂಡಿ ಸಿಕ್ಕಿತು. ಅದನ್ನು ಒತ್ತಿದರೆ ಬೆರಳು ಇದ್ದಲ್ಲೇ ಇದ್ದು ಶ್ರುತಿ ಮಾತ್ರ ಕೆಳಗಿಳಿಯುತ್ತದೆ. "ಏ, ಇಲ್ಲಿ ಬಾ. ಒಂದ್ಸಲ ಹೂಂ ಅನ್ನು," ಎಂದರು. ನಾನು ಸೊಪ್ಪು ಸೋಸುತ್ತ ಕೂತಲ್ಲಿಂದಲೇ ಸಿಟ್ಟಿನಿಂದ "ಹೂಂ" ಎಂದೆ. ಅವರು ಗುಂಡಿ ಒತ್ತುತ್ತ ಒತ್ತುತ್ತ ಒಂದೊಂದೇ ಮೆಟ್ಟಿಲು ಇಳಿದು ಬಂದರು. "ಮೈನಸ್ ಐದು. ಇದು ನಿನ್ನ ಶ್ರುತಿ."

"ಅಂತೂ ನನ್ನ ದನಿಗೆ ಮೈನಸ್ ಮಾರ್ಕು ಹಾಕಿದ್ರಿ," ಎಂದೆ. ಆದರೆ ಮಧ್ಯಾಹ್ನ ಅವರು ಮಲಗಿದಾಗ ಹೋಗಿ ಆ ಕೀ ಒತ್ತಿ ಮೆಲ್ಲಗೆ ದನಿ ಸೇರಿಸಿ ನೋಡಿದೆ. ಸೇರಿತು.

ಅವರಿಗೆ ತುಂಬಾ ಹಿಡಿಸಿದ್ದು ಮಾತ್ರ ಮೆಟ್ರೋನೋಮು. ಟಕ್, ಟಕ್, ಟಕ್ ಎಂದು ಲಯ ಹಿಡಿದು ಬಡಿಯುವ ಗುಂಡಿ. ಒಂದು ಕ್ಷಣ ಹಿಂದಿಲ್ಲ, ಒಂದು ಕ್ಷಣ ಮುಂದಿಲ್ಲ. ಇಂಥದ್ದೊಂದು ವಸ್ತು ಪ್ರಪಂಚದಲ್ಲಿದೆ ಎಂದು ತನಗೆ ಯಾರೂ ಹೇಳಲೇ ಇಲ್ಲವಲ್ಲ ಎಂಬಂತೆ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ನಾನು ಯಾವಾಗಲೂ ಹಾಡುತ್ತಿದ್ದ ಒಂದು ವಚನದ ಧಾಟಿಯನ್ನು ಅದರ ಜೊತೆಗೆ ಒಂದೇ ಬೆರಳಿನಲ್ಲಿ ತಿಂಗಳುಗಟ್ಟಲೆ ಕುಟ್ಟಿ ಕುಟ್ಟಿ ಕಲಿತರು. ಒಂದು ಸಂಜೆ ಬಲವಂತವಾಗಿ ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಎರಡನೇ ಸಾಲಿನಲ್ಲಿ ನನ್ನ ಉಸಿರು ಮುಗಿಯಿತು, ಟಕ್ ಟಕ್ ಮುಂದೆ ಹೋಯಿತು. ಮತ್ತೆ ಶುರು, ಮತ್ತೆ ಅಲ್ಲೇ.

"ಈ ಸುಡುಗಾಡು ಟಕ್ ಟಕ್ ನನಗ ಆಗಂಗಿಲ್ಲ!" ಎಂದು ಎದ್ದೆ.

"ಕುಣೀಲಾರದಾಕಿ ಅಂಗಳ ಡೊಂಕು ಅಂದಳಂತ," ಎಂದರು.

ತಮಾಷೆಗೇ ಅಂದದ್ದು. ನಾನೂ ಅವರಿಗೆ ದಿನಕ್ಕೆ ಹತ್ತು ಅನ್ನುವವಳೇ. ಆದರೆ ಆ ಮಾತು ನಾಟಿತು. ಎರಡು ದಿನ "ಊಟಕ್ಕ ಬರ್ರಿ" ಎಂಬ ಮಾತಿನ ಹೊರತು ಮನೆಯಲ್ಲಿ ಬೇರೆ ಮಾತಿರಲಿಲ್ಲ. ಮೂರನೇ ದಿನದಿಂದ ಟಕ್ ಟಕ್ ಕೇಳಿಸಲಿಲ್ಲ.

ಆಮೇಲೆ ಮ್ಯಾನುಯಲ್ಲಿನ ಕೊನೆಯ ಅಧ್ಯಾಯಕ್ಕೆ ಬಂದರು. ಸೀಕ್ವೆನ್ಸರ್. ರೆಕಾರ್ಡ್ ಒತ್ತಿ ಬಾರಿಸಿದರೆ ಅದು ನೆನಪಿಟ್ಟುಕೊಂಡು ಆಮೇಲೆ ತಾನೇ ಬಾರಿಸುತ್ತದೆ. ಆ ಶುಕ್ರವಾರ ಸಂಜೆ ಅಡುಗೆಮನೆ ಬಾಗಿಲಿಗೆ ಬಂದು ನಿಂತರು. "ಸಭಾದಾಗ ಹಾಡಬ್ಯಾಡ. ಇಲ್ಲೆ ಹಾಡು. ಇದು ನಿನ್ನ ಹಾಡು ಹಿಡಕೊಂತೈತಿ. ಭಾನುವಾರ ಇದನ್ನ ಒಯ್ದು ಅಲ್ಲೆ ಹಚ್ಚಿಬಿಡ್ತೀನಿ. ನಮ್ಮ ಸರದಿ ಮುಗೀತು."

ಎದುರಿಗೆ ಯಾರೂ ಇಲ್ಲ, ತಪ್ಪಿದರೆ ಅಳಿಸಬಹುದು. ನನಗೂ ಆಸೆಯಾಯಿತು. ಕೈ ತೊಳೆದುಕೊಂಡು ಬಂದೆ. ಫ್ಯಾನಿನ ಸದ್ದು ಸೇರಬಾರದೆಂದು ಫ್ಯಾನ್ ಆರಿಸಿದರು, ಕಿಟಕಿ ಮುಚ್ಚಿದರು. ಮದ್ರಾಸಿನ ಮೇ ತಿಂಗಳು, ಯಪ್ಪಾ ಶಿವನೇ! ಕೆಂಪು ದೀಪ ಹತ್ತಿತು, ಅವರು ಒಂದೇ ಬೆರಳಿನಲ್ಲಿ ಧಾಟಿ ಹಿಡಿದರು. ಸ್ಪೀಕರಿನ ತೂತುಗಳ ಹತ್ತಿರ ಬಾಯಿಟ್ಟು, ಪೂರ್ತಿ ವಚನ ಹಾಡಿದೆ. ನಾಲ್ಕು ಕಡೆ ಉಸಿರು ತುಂಡಾಯಿತು, ಆದರೂ ಬಿಡಲಿಲ್ಲ. ಆಪರೇಷನ್ ಆದ ಮೇಲೆ ಮೊದಲನೇ ಸಲ ಕೊನೆಯವರೆಗೂ ಹೋಗಿ ಮುಟ್ಟಿದ್ದೆ. ಅವರು ಗುಂಡಿ ಒತ್ತಿದರು. ಇಬ್ಬರೂ ಕಿವಿಗೊಟ್ಟು ಕೂತೆವು.

ಕೀಬೋರ್ಡಿನ ಪೀಪೀ ಬಂತು. ನನ್ನ ದನಿ ಬರಲಿಲ್ಲ. ವಾಲ್ಯೂಮ್ ಏರಿಸಿದರು, ಮೊದಲಿನಿಂದ ಹಾಕಿದರು. ಪೀಪೀ ಜೋರಾಯಿತು, ಅಷ್ಟೇ. ನಾಲ್ಕು ಸ್ವರ ಕೇಳಿದ ಮೇಲೆ ಅವರೇ ನಿಲ್ಲಿಸಿದರು.

"ನೋಡ್ರಿ, ಮಶೀನಿಗೂ ನನ್ನ ದನಿ ಕೇಳವಲ್ದು," ಎಂದೆ. ನಗುತ್ತ ಹೇಳಬೇಕೆಂದು ಹೊರಟದ್ದು ಹಾಗೆ ಬರಲಿಲ್ಲ. ಒಳಗೆ ಹೋಗಿ ಬೇಡದಿದ್ದರೂ ಎರಡು ಈರುಳ್ಳಿ ಹೆಚ್ಚಿದೆ, ಕಣ್ಣೀರಿಗೆ ಒಂದು ನೆಪ ಇರಲಿ ಎಂದು. ದನಿ ಅಷ್ಟು ಸತ್ತಿದೆಯೇ, ಹಾಗಾದರೆ ಇಷ್ಟು ದಿನ ಬಾತ್‌ರೂಮಿನಲ್ಲಿ ಗುನುಗುವಾಗ ನನಗೆ ಕೇಳಿಸುತ್ತಿದ್ದದ್ದು ಬರೀ ಭ್ರಮೆಯೇ ಎಂದು ಅನ್ನಿಸಿತು. ಅವರು ಹೊರಗೆ ಮ್ಯಾನುಯಲ್ಲಿನ ಹಾಳೆ ತಿರುವುತ್ತಲೇ ಇದ್ದರು.

ಮರುದಿನ ಶನಿವಾರ ಮಗಳು ಬಂದಳು. ಊರಿನ ಇನ್ನೊಂದು ತುದಿಯ ಪೆರುಂಗುಡಿಯಲ್ಲಿ ಕೆಲಸ, ಅಲ್ಲೇ ಹಾಸ್ಟೆಲು, ರಜೆಗೆ ಮನೆ. ಕನ್ನಡ ಎಲ್ಲಾ ತಿಳಿಯುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ. ಅಪ್ಪ ನಡೆದದ್ದನ್ನು ಹೇಳುತ್ತಿದ್ದಂತೆ ಸೋಫಾದ ಮೇಲೆ ಬಿದ್ದು ನಕ್ಕಳು. "ಐಯೋ ಅಪ್ಪಾ! ಅದು ವಾಯ್ಸ್ ರೆಕಾರ್ಡ್ ಪಣ್ಣಾದುಪ್ಪಾ! ಅದುಲ ಮೈಕೇ ಇಲ್ಲ!"

ಆ ಯಂತ್ರಕ್ಕೆ ಕಿವಿಯೇ ಇಲ್ಲವಂತೆ. ಯಾವ ಕೀ ಯಾವಾಗ ಒತ್ತಿದರು, ಯಾವಾಗ ಬಿಟ್ಟರು, ಅಷ್ಟನ್ನೇ ಬರೆದುಕೊಳ್ಳುತ್ತದಂತೆ. ಫ್ಯಾನ್ ಆರಿಸಿ ಬೆವರಿದ್ದು ಪುಕ್ಕಟೆ. ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಗಿ ಅವಳಿಗಿಂತ ಜೋರಾಗಿ ನಕ್ಕೆ. ಯಜಮಾನರು ಮುಖ ಸಣ್ಣ ಮಾಡಿಕೊಂಡು, "ಸರಿ ಸರಿ, ಪುಸ್ತಕದಾಗ ಬರೀಬೇಕಿತ್ತಪಾ," ಎಂದು ಮ್ಯಾನುಯಲ್ ಬರೆದವರ ಮೇಲೆ ತಪ್ಪು ಹೊರಿಸಿದರು.

ಮಗಳು ರೆಕಾರ್ಡು ಹಾಕಿ, ಈ ಸಲ ನಿಲ್ಲಿಸದೆ ಕೇಳಿದಳು. ಮೊದಲ ಸಾಲು ಬಂತು. ಎರಡನೇ ಸಾಲಿನ ನಡುವೆ ನಿಂತುಹೋಯಿತು. ಕೆಟ್ಟಿತೇನೋ ಅಂದುಕೊಳ್ಳುವಷ್ಟರಲ್ಲಿ ಮತ್ತೆ ಹೊರಟಿತು. ಮುಂದೆ ಇನ್ನೊಂದು ಕಡೆ ಅದೇ ಥರ, ಇನ್ನೂ ಉದ್ದಕ್ಕೆ. "ಏನ್‌ಪ್ಪಾ ಇವ್ವಳವು ಗ್ಯಾಪ್? ಮರಂದುಟ್ಟಿಯಾ?" ಎಂದಳು.

"ಮರೀಲಿಲ್ಲ," ಎಂದರು ಅವರು, ಇಷ್ಟೂ ತಿಳಿಯುವುದಿಲ್ಲವೇ ಎಂಬ ಸಿಡುಕಿನಲ್ಲಿ. "ಅಲ್ಲೆ ನಿಮ್ಮವ್ವ ಉಸುರು ತಗೊಳ್ಳಾಕತ್ತಿದ್ಲು."

ಹಾಡುವಾಗ ನನಗೆ ಇದು ತಿಳಿದೇ ಇರಲಿಲ್ಲ. ಉಸಿರಿನ ಗಾಬರಿಯಲ್ಲಿ ಅವರ ಬೆರಳು ಎಲ್ಲಿದೆ ಎಂದು ನೋಡುವ ವ್ಯವಧಾನ ಎಲ್ಲಿತ್ತು? ನಾನು ನಿಂತಲ್ಲೆಲ್ಲ ಅವರು ನಿಂತಿದ್ದರು. ನಾಲ್ಕು ನಿಮಿಷಕ್ಕೆ ಹೆಂಡತಿಯನ್ನು ಬಿಟ್ಟು ಬಸ್ಸು ಹತ್ತಿದ ಮನುಷ್ಯ! ನನಗೆ ಅಳು ಬಂತು, ಈ ಸಲ ಈರುಳ್ಳಿ ಇರಲಿಲ್ಲ. ಅವರ ಮೇಲೆ ಅಷ್ಟು ಪ್ರೀತಿ ಬಂದದ್ದು ಯಾವ ಕಾಲದಲ್ಲೋ. "ಮೊದಲಿಂದ ಹಚ್ಚವ್ವಾ," ಎಂದು ಮಗಳಿಗೆ ಹೇಳಿ ಅದರ ಜೊತೆ ಹಾಡಿದೆ.

ಭಾನುವಾರ ಕೀಬೋರ್ಡು ಆಟೋದಲ್ಲಿ ನಮ್ಮಿಬ್ಬರ ತೊಡೆಯ ಮೇಲೆ ಅಡ್ಡಲಾಗಿ ಮಲಗಿ ಸಭೆಗೆ ಬಂತು. ನಮ್ಮ ಸರದಿ ಬಂದಾಗ ನಾನು ಎದ್ದದ್ದು ನೋಡಿ ಹಾರ್ಮೋನಿಯಂ ಹಿರಿಯರು ಕನ್ನಡಕ ಸರಿಮಾಡಿಕೊಂಡರು. ಯಜಮಾನರು ಪರದೆಯಲ್ಲಿ ಹಾಡಿನ ನಂಬರು ತಂದು ಸ್ಟಾರ್ಟ್ ಗುಂಡಿಯ ಮೇಲೆ ಬೆರಳಿಟ್ಟು ನನ್ನ ಕಡೆ ನೋಡಿದರು.

"ರೆಕಾರ್ಡು ಬ್ಯಾಡ್ರಿ," ಎಂದು ಬಗ್ಗಿ ಪಿಸುಗುಟ್ಟಿದೆ. "ನೀವ ಬಾರಸ್ರಿ. ಇವತ್ತು ಉಸುರು ಎಲ್ಲಿ ತುಂಡಾಗ್ತೈತೋ ನನಗ ಗೊತ್ತಿಲ್ಲ."

ಅಷ್ಟು ಜನರ ಮುಂದೆ ಒಂದೇ ಬೆರಳಿನಲ್ಲಿ! ಅವರ ಮುಖ ನೋಡುವಂತಿತ್ತು. ಪಾಪ, ಕೈಯನ್ನು ಪಂಚೆಗೆ ಒರೆಸಿಕೊಂಡು ಮೊದಲ ಕೀ ಒತ್ತಿದರು. ನಾನು ಹಾಡಿದೆ. ನಾನು ಅಂದುಕೊಂಡದ್ದಕ್ಕಿಂತ ಮೊದಲೇ, ಒಂದನೇ ಸಾಲಿನಲ್ಲೇ ಉಸಿರು ಮುಗಿಯಿತು. ಅವರು ಬೆರಳೆತ್ತಿ ನನ್ನನ್ನೇ ನೋಡುತ್ತ ಕೂತರು. ಹಾರ್ಮೋನಿಯಂ ಹಿರಿಯರು ಕಾದು ಕೂತರು, ಹಾಲ್‌ನಲ್ಲಿದ್ದವರೆಲ್ಲ ಕೂತರು. ನಾನು ಅವಸರ ಮಾಡಲಿಲ್ಲ. ಎದೆ ತುಂಬ ಉಸಿರು ತೆಗೆದುಕೊಂಡು, ಅವರ ಕಡೆಗೊಮ್ಮೆ ತಲೆಯಾಡಿಸಿ, ಬಿಟ್ಟಲ್ಲಿಂದ ಎತ್ತಿಕೊಂಡೆ.